ಕಟ್ಟಿಹಾಕಿದ ನಾಯಿಗೋಸ್ಕರ ಪುರಸಭೇಲಿ ಬೈಲಾ ಮಾಡಿಸೋದು ಹೇಗೆ: ಮನವಿ ಕೊಟ್ಟು ಕೊಟ್ಟು ಸುಸ್ತಾದವರಿಗೆ

ಏಪ್ರಿಲ್ ಬಂತು ಅಂದ್ರೆ ಅದೇ ಫೋನ್ ಕಾಲ್‌ಗಳು. ಪಕ್ಕದ ಮನೆ ತಾರಸಿ ಮೇಲೆ ನಾಯಿ ಕಟ್ಟಿದಾರೆ, ಮೂರಡಿ ಚೈನು, ನೆರಳಿಲ್ಲ, ಬೋಗುಣಿ ಒಣಗಿ ಪಾಚಿ ಕಟ್ಟಿದೆ, ವಿಡಿಯೋ ಮಾಡ್ಕೊಂಡು ಸ್ಟೇಷನ್‌ಗೆ ಹೋದ್ವಿ, ಅಲ್ಲಿ "ಐವತ್ತು ರೂಪಾಯಿ ದಂಡದ ಕೇಸಿಗೆ ನಾವು ಬರ್ಬೇಕಾ ಮೇಡಂ" ಅಂದ್ರು, ಆಮೇಲೆ ಪುರಸಭೆಗೆ ಮನವಿ ಕೊಟ್ವಿ, ಎರಡು ತಿಂಗಳಾಯ್ತು ಏನೂ ಇಲ್ಲ, ಈಗೇನ್ಮಾಡೋದು. ನಾನೂ ಇದೇ ದಾರೀಲಿ ಹೋಗಿ ಎರಡು ಸಲ ಸೋತಿದೀನಿ. ಮೊದಲ್ನೇ ಸಲ ಮನೆಮನೆಗೆ ಅಲೆದು ಸಹಿ ಮಾಡಿಸಿ ಒಂದು ದಪ್ಪ ಫೈಲು ಕೊಟ್ಟು ಫೋಟೋನೂ ತೆಗೆಸ್ಕೊಂಡಿದ್ವಿ, ಆರು ತಿಂಗಳಾದ್ಮೇಲೆ ಕೇಳಿದ್ರೆ ಟಪಾಲು ಸೆಕ್ಷನ್‌ನವರಿಗೆ ಅಂಥದ್ದೊಂದು ಫೈಲು ಬಂದಿದ್ದೇ ನೆನಪಿರಲಿಲ್ಲ.

ಸೋಲೋದು ಎಲ್ಲಿ ಅಂದ್ರೆ ನಾವು ಕರುಣೆ ಕೇಳ್ತೀವಿ, ಆಫೀಸಿಗೆ ಬೇಕಾಗಿರೋದು ಅಳತೆ. ಹೆಲ್ತ್ ಇನ್ಸ್‌ಪೆಕ್ಟರ್ ಒಂದೇ ಸಲ ಗೇಟೊಳಗೆ ಹೋಗಿ, ಟೇಪು ಹಿಡಿದು, ಹತ್ತು ನಿಮಿಷದಲ್ಲಿ "ಹೌದು" ಇಲ್ಲ "ಅಲ್ಲ" ಅಂತ ಬರ್ಕೊಂಡು ಬರೋಕೆ ಆಗ್ಬೇಕು. ಆಗೋ ಹಾಗಿದ್ರೆ ಆ ರೂಲು ನಡೆಯತ್ತೆ, ಇಲ್ದಿದ್ರೆ ಎಷ್ಟೇ ಚಂದ ಬರೆದ್ರೂ ನಡೆಯಲ್ಲ. ಕೆಳಗಿನ ಎಲ್ಲ ಹಂತಗಳಲ್ಲೂ ಈ ಒಂದನ್ನ ಮರೀಬೇಡಿ.

ಶುರು ಮಾಡೋ ಮುಂಚೆ ಕೈಯಲ್ಲಿ ಇರ್ಬೇಕಾದ್ದು

ಐದು ಮೀಟರ್ ಸ್ಟೀಲ್ ಟೇಪು, ಒಂದು ನೋಟ್‌ಬುಕ್ಕು, ದಿನಾಂಕ ಬೀಳೋ ಥರ ಸೆಟ್ ಮಾಡಿದ ಫೋನ್ ಕ್ಯಾಮೆರಾ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರ ಒಂದು ಪ್ರಿಂಟು, ನಿಮ್ಮೂರಿಗೆ ಅನ್ವಯ ಆಗೋ ಸ್ಥಳೀಯ ಸಂಸ್ಥೆ ಕಾಯ್ದೆಯ ಬೈಲಾ (ಅಂದ್ರೆ ಪುರಸಭೆಯಂಥ ಸಂಸ್ಥೆ ತನ್ನ ಊರಿಗೆ ಮಾಡ್ಕೊಳ್ಳೋ ನಿಯಮ) ಅಧ್ಯಾಯದ ಪ್ರಿಂಟು. ಜನ ಅಂದ್ರೆ ಮೂರೇ ಸಾಕು: ಸರ್ಕಾರಿ ಪಶು ವೈದ್ಯಾಧಿಕಾರಿ, ಸಿವಿಲ್ ಕೇಸು ನೋಡೋ ಒಬ್ಬ ಲಾಯರ್, ಸಭೇಲಿ ಬಾಯಿ ಬಿಡೋ ಒಬ್ಬ ಕೌನ್ಸಿಲರ್. ಟೈಮು ಒಂದು ವರ್ಷ ಅಂತ ಇಟ್ಕೊಳ್ಳಿ, ಮೂರು ತಿಂಗಳಲ್ಲಿ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರು ಪುರಸಭೆ ಮೆಟ್ಟಿಲು ಹತ್ತಿಲ್ಲ.

ಹಂತ 1: ಈಗಾಗ್ಲೇ ಇರೋ ಕಾನೂನು ಏನನ್ನುತ್ತೆ ಅಂತ ಓದಿ

1960ರ ಕಾಯ್ದೆ ಸೆಕ್ಷನ್ 11(1)ರಲ್ಲಿ ನಮಗೆ ಬೇಕಾದ ಮೂರು ಉಪಖಂಡ ಇವೆ. (ಎಫ್) ಅಂದ್ರೆ ಪ್ರಾಣೀನ ವಿಪರೀತ ಗಿಡ್ಡ ಅಥವಾ ವಿಪರೀತ ಭಾರದ ಸರಪಳಿ, ಹಗ್ಗದಲ್ಲಿ ಅತಿಯಾದ ಹೊತ್ತು ಕಟ್ಟಿಹಾಕೋದು. (ಜಿ) ಅಂದ್ರೆ ಯಾವಾಗ್ಲೂ ಕಟ್ಟಿರೋ ಅಥವಾ ಕೂಡಿಹಾಕಿರೋ ನಾಯಿಗೆ ಅದರ ಯಜಮಾನ ವ್ಯಾಯಾಮ ಕೊಡದೇ ಇರೋದು, ಇದು ನಾಯಿಗೆ ಅಂತಲೇ ಬರೆದಿರೋ ಸಾಲು. (ಎಚ್) ಅಂದ್ರೆ ಸಾಕಷ್ಟು ಊಟ, ನೀರು, ಆಸರೆ ಕೊಡದೇ ಇರೋದು.

ಅಂದ್ಮೇಲೆ ಕಾನೂನಿಲ್ಲ ಅನ್ನೋದು ತಪ್ಪು, ಕಾನೂನಿದೆ, ಆದ್ರೆ "ವಿಪರೀತ ಗಿಡ್ಡ" ಅಂದ್ರೆ ಎಷ್ಟಡಿ, "ಸಾಕಷ್ಟು ಆಸರೆ" ಅಂದ್ರೆ ತಗಡು ಸಾಕಾ, ಗೋಡೆ ಬೇಕಾ, ಇದನ್ನ ಆ ಸೆಕ್ಷನ್ ಹೇಳಲ್ಲ. ಎಷ್ಟಡಿ, ಏನೇನು ಅಂತ ನೀವು ಬೈಲಾದಲ್ಲಿ ತುಂಬಬೇಕು.

ದಂಡದ ವಿಷ್ಯಾನೂ ತಿಳ್ಕೊಂಡಿರಿ. ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದ್ರೆ 25ರಿಂದ 100 ರೂಪಾಯಿ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಈ ಮೂರು ಉಪಖಂಡಗಳು ಅಸಂಜ್ಞೇಯ ಅಪರಾಧಗಳು, ಅಂದ್ರೆ ಪೊಲೀಸರು ನೇರ ಎಫ್‌ಐಆರ್ ಹಾಕೋಕಾಗಲ್ಲ, ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರ್ಕೊಂಡು ತನಿಖೆಗೆ ಮ್ಯಾಜಿಸ್ಟ್ರೇಟ್ ಅನುಮತಿ ತಗೋಬೇಕು. ಇದನ್ನ ಗೊತ್ತಿಲ್ದೆ ಸ್ಟೇಷನ್‌ನಲ್ಲಿ ಎಫ್‌ಐಆರ್ ಎಫ್‌ಐಆರ್ ಅಂತ ಜಗಳ ಆಡಿ ವಾಪಸ್ ಬರೋರೇ ಜಾಸ್ತಿ. ಇನ್ನೊಂದು, ಸೆಕ್ಷನ್ 36ರ ಪ್ರಕಾರ ಅಪರಾಧ ನಡೆದ ಮೂರು ತಿಂಗಳೊಳಗೆ ಕೇಸು ಕೋರ್ಟಿಗೆ ಹೋಗ್ಬೇಕು, ಆದ್ರಿಂದ ಹಳೇ ಫೋಟೋ ತಂದು "ಹೋದ ವರ್ಷ ನೋಡಿ" ಅಂದ್ರೆ ಉಪಯೋಗ ಇಲ್ಲ.

ಎಚ್ಚರಿಕೆ: 2022ರ ನವೆಂಬರಲ್ಲಿ ಕೇಂದ್ರ ಸರ್ಕಾರ ಈ ಕಾಯ್ದೆಗೆ ಕರಡು ತಿದ್ದುಪಡಿ ಮಾಡಿ ಜನರ ಅಭಿಪ್ರಾಯಕ್ಕೆ ಬಿಟ್ಟಿತ್ತು. ಆ ಕರಡಿನ ದೊಡ್ಡ ದೊಡ್ಡ ದಂಡಗಳನ್ನ ಈಗಾಗ್ಲೇ ಕಾನೂನು ಆಗಿದೆ ಅನ್ನೋ ಥರ ವಾಟ್ಸಾಪಲ್ಲಿ ಹಂಚ್ತಾರೆ. ಅದನ್ನ ನಿಮ್ಮ ಅರ್ಜೀಲಿ ಬರೆದ್ರೆ ಮೊದಲ್ನೇ ಪುಟದಲ್ಲೇ ನಂಬಿಕೆ ಹೋಯ್ತು.

ಹಂತ 2: ಯಾರಿಗೆ ಅಧಿಕಾರ ಇದೆ ಅಂತ ಖಚಿತ ಮಾಡ್ಕೊಳ್ಳಿ

ಪುರಸಭೆ, ನಗರಸಭೆ ಆದ್ರೆ ಕರ್ನಾಟಕ ಪುರಸಭೆಗಳ ಕಾಯ್ದೆ 1964ರ ಸೆಕ್ಷನ್ 324. ಮಹಾನಗರ ಪಾಲಿಕೆ ಆದ್ರೆ 1976ರ ಕಾಯ್ದೆ ಸೆಕ್ಷನ್ 423. ಬೆಂಗಳೂರಾದ್ರೆ ಈಗ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದಿದೆ, ಹಳೇ ಬಿಬಿಎಂಪಿ ಫಾರ್ಮ್ಯಾಟ್ ಹಿಡ್ಕೊಂಡು ಹೋಗ್ಬೇಡಿ. ಗ್ರಾಮ ಪಂಚಾಯ್ತಿ ಆದ್ರೆ ಗ್ರಾಮಸಭೇಲಿ ವಿಷಯ ಎತ್ತಿ ಠರಾವು ಮಾಡಿಸೋದ್ರಿಂದ ಶುರು ಮಾಡಿ, ಮುಂದಿನ ದಾರಿ ಪಿಡಿಓ ಹೇಳ್ತಾರೆ.

ತುಂಬಾ ಜನ ಇಲ್ಲಿ ಎಮ್ಮೆಲ್ಲೆ ಹತ್ರ ಓಡ್ತಾರೆ, ರಾಜ್ಯದ ಕಾನೂನೇ ಬದಲಾಯಿಸಿ ಅಂತ. ಆಗಲ್ಲ ಅಂತಲ್ಲ, ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟೀಲಿದೆ, ಅಂದ್ರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡ್ಬಹುದು, ಕಂಬಳಕ್ಕೋಸ್ಕರ ನಮ್ಮ ರಾಜ್ಯ ಇದೇ ಕಾಯ್ದೆಗೆ ತಿದ್ದುಪಡಿ ತಂದಿದ್ದು ಎಲ್ಲರಿಗೂ ಗೊತ್ತು. ಆದ್ರೆ ಅದಕ್ಕೆ ವಿಧಾನಮಂಡಲ ಆಗಿ ರಾಷ್ಟ್ರಪತಿ ಅಂಕಿತದವರೆಗೂ ಹೋಗ್ಬೇಕಾಯ್ತು. ಕಂಬಳದ ಹಿಂದೆ ಇಡೀ ಕರಾವಳಿ ನಿಂತಿತ್ತು, ನಿಮ್ಮ ಪಕ್ಕದ ಮನೆ ಟಾಮಿ ಹಿಂದೆ ನೀವೊಬ್ರೇ ಇದೀರ. ಬೈಲಾ ಸಾಕು.

ಬೈಲಾಗೆ ಎರಡು ಮಿತಿ ಇದೆ. ಕೇಂದ್ರ ಕಾಯ್ದೆಗೆ ಎದುರಾಗಿ ಏನೂ ಬರೆಯೋ ಹಾಗಿಲ್ಲ, ಮತ್ತೆ ದಂಡದ ಮೊತ್ತ ಬೈಲಾಗೆ ಅಧಿಕಾರ ಕೊಡೋ ಸ್ಥಳೀಯ ಸಂಸ್ಥೆ ಕಾಯ್ದೆ ಬಿಟ್ಟುಕೊಟ್ಟಷ್ಟೇ ಹಾಕ್ಬೇಕು. ಐವತ್ತು ಸಾವಿರ ದಂಡ ಅಂತ ಆಸೆಪಟ್ಟು ಬರೆದ್ರೆ ಮೇಲಿನ ಆಫೀಸಿಂದ ವಾಪಸ್ ಬರತ್ತೆ, ಆ ವಾಪಸ್ ಬರೋದ್ರಲ್ಲೇ ನಾಲ್ಕು ತಿಂಗಳು ಹೋಗತ್ತೆ.

ಹಂತ 3: ಒಂದು ಆರ್‌ಟಿಐ ಹಾಕಿ

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 150 ಪದದೊಳಗೆ, ಒಂದೇ ವಿಷಯ, ಕರ್ನಾಟಕದ ನಿಯಮ ಅದು, ಮೀರಿದ್ರೆ ಅದೇ ನೆಪ ಆಗತ್ತೆ. ಕೇಳ್ಬೇಕಾದ್ದು: ನಾಯಿ ಸಾಕಣೆ, ಲೈಸೆನ್ಸ್ ಬಗ್ಗೆ ಈಗಾಗ್ಲೇ ಯಾವುದಾದ್ರೂ ಬೈಲಾ ಇದೆಯಾ, ಇದ್ರೆ ಪ್ರತಿ ಕೊಡಿ, ಕಳೆದ ಮೂರು ವರ್ಷದಲ್ಲಿ ಎಷ್ಟು ನಾಯಿ ನೋಂದಣಿ ಆಗಿದೆ. ಉತ್ತರಕ್ಕೆ 30 ದಿನ.

ಇದನ್ನ ಯಾಕೆ ಮೊದಲು ಮಾಡ್ಬೇಕು ಅಂದ್ರೆ ಎಷ್ಟೋ ಊರಲ್ಲಿ ಹಳೇ ನಾಯಿ ಲೈಸೆನ್ಸ್ ರೂಲು ಬೀರುವಿನಲ್ಲಿ ಮಲಗಿರತ್ತೆ. ಅದಿದ್ರೆ ನಿಮ್ಮ ಕೆಲಸ ಅರ್ಧ ಆಯ್ತು, ಹೊಸ ಬೈಲಾ ಬೇಡ, ಲೈಸೆನ್ಸ್ ಷರತ್ತಿಗೆ ನಾಲ್ಕು ಸಾಲು ಸೇರಿಸೋ ತಿದ್ದುಪಡಿ ಸಾಕು.

ಹಂತ 4: ಹತ್ತು ನಾಯಿ ಅಳೆದು ಬನ್ನಿ

ನೂರು ಬೇಡ, ಹತ್ತು ಸಾಕು, ಆದ್ರೆ ಸರಿಯಾಗಿ. ರಸ್ತೆಯಲ್ಲಿ ನಿಂತು, ಇಲ್ಲಾ ಮನೆಯವರು ಒಳಗೆ ಕರೆದ್ರೆ ಒಳಗೆ ಹೋಗಿ. ಕಾಂಪೌಂಡ್ ಹಾರೋದು, ರಾತ್ರಿ ಹೋಗಿ ಚೈನು ಬಿಚ್ಚೋದು ಬೇಡ್ವೇ ಬೇಡ, ನಿಮ್ಮ ಮೇಲೇ ಅತಿಕ್ರಮ ಪ್ರವೇಶ, ಕಳ್ಳತನ ಅಂತ ಕಂಪ್ಲೇಂಟ್ ಆಗತ್ತೆ, ಆಮೇಲೆ ನಿಮ್ಮ ಬೈಲಾ ಆ ಊರಲ್ಲಿ ಯಾರೂ ಮುಟ್ಟಲ್ಲ.

ಪ್ರತಿ ನಾಯಿಗೂ ಬರ್ಕೊಳ್ಳಿ: ಚೈನು ಎಷ್ಟಡಿ, ಎಂಥದ್ದು, ನೆರಳು ಮಧ್ಯಾಹ್ನ ಎರಡು ಗಂಟೆಗೆ ಎಲ್ಲಿ ಬೀಳತ್ತೆ (ಬೆಳಗ್ಗೆ ನೆರಳಿರೋ ಜಾಗ ಮಧ್ಯಾಹ್ನ ಕೆಂಡ ಆಗಿರತ್ತೆ, ಎಲ್ಲರೂ ಇಲ್ಲೇ ಎಡವೋದು), ನೀರಿದೆಯಾ, ನೆಲ ಏನು. ನಾನು ಅಳೆದ ಒಂದು ನಾಯಿ ಮರದ ಮಿಲ್ಲಿನ ಹಿಂದೆ ಇತ್ತು. ಗೂಟದ ಸುತ್ತ ಗಾಣದೆತ್ತು ಸುತ್ತಿದ ಹಾಗೆ ಗುಂಡಗೆ ಒಂದು ಕಾಲುದಾರಿ, ಅದರೊಳಗೆ ಒಂದು ಗರಿಕೆ ಇಲ್ಲ, ಹೊರಗೆ ಮೊಣಕಾಲುದ್ದ ಹುಲ್ಲು. ಗೂಟದಿಂದ ಆ ಗೆರೆಗೆ ಟೇಪು ಹಿಡಿದ್ರೆ ನಾಲ್ಕು ಅಡಿ ಎರಡು ಇಂಚು. ಆ ಒಂದು ಫೋಟೋ, ಟೇಪು ಕಾಣೋ ಹಾಗೆ ತೆಗೆದಿದ್ದು, ಸಭೇಲಿ ನನ್ನ ಎಲ್ಲಾ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡ್ತು. ಅಳೋ ಎಮೋಜಿ ಹಾಕಿದ ವಿಡಿಯೋ ಮಾಡಲ್ಲ ಆ ಕೆಲಸ.

ತಕ್ಷಣ ಡಾಕ್ಟ್ರಿಗೆ ಹೇಳ್ಬೇಕಾದ ಲಕ್ಷಣಗಳು: ಕೊರಳಪಟ್ಟಿ ಚರ್ಮದೊಳಗೆ ಹೂತಿರೋದು, ಪಟ್ಟಿ ಕೆಳಗಿಂದ ವಾಸನೆ, ಬೈಂಡಿಂಗ್ ವೈರಲ್ಲಿ ಕಟ್ಟಿರೋದು, ಎದ್ದು ನಿಲ್ಲೋಕೆ ತಡಬಡಾಯ್ಸೋದು, ವಿಪರೀತ ಏದುಸಿರು ಜೊಲ್ಲು. ಇಂಥದ್ದಕ್ಕೆ ಬೈಲಾ ಕಾಯಬೇಡಿ. ಪಶು ವೈದ್ಯಾಧಿಕಾರಿ ಹತ್ರ ಲಿಖಿತ ವರದಿ ಮಾಡಿಸಿ ಸ್ಟೇಷನ್‌ಗೆ ಹೋಗಿ, ಸೆಕ್ಷನ್ 34ರ ಕೆಳಗೆ ಕಾನ್ಸ್‌ಟೇಬಲ್‌ಗಿಂತ ಮೇಲಿನ ದರ್ಜೆ ಪೊಲೀಸ್ ಅಧಿಕಾರಿ ಪ್ರಾಣೀನ ವಶಕ್ಕೆ ತಗೊಂಡು ಪರೀಕ್ಷೆಗೆ ಒಪ್ಪಿಸ್ಬಹುದು.

ಹಂತ 5: ಕರಡು ನೀವೇ ಬರೆಯಿರಿ

"ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಅಂತ ಕೊಟ್ರೆ ಸೂಕ್ತ ಕ್ರಮ ಅಂದ್ರೆ ಫೈಲು ಮುಚ್ಚೋದು. ಎರಡು ಪುಟದ ಕರಡನ್ನ "ತಕ್ಕದ್ದು, ತಕ್ಕದ್ದಲ್ಲ" ಭಾಷೇಲೇ ಬರೆದು ಕೊಡಿ, ಆಫೀಸಿನವರು ಟೈಪ್ ಮಾಡೋ ಕೆಲಸಾನೂ ಉಳೀಬೇಕು.

ಚೈನಿನ ಉದ್ದ. ಅಮೆರಿಕದ ಪೆನ್ಸಿಲ್ವೇನಿಯಾ 2017ರ ಕಾನೂನಲ್ಲಿ ಮೂಗಿನ ತುದಿಯಿಂದ ಬಾಲದ ಬುಡಕ್ಕೆ ಅಳೆದು ಅದರ ಮೂರು ಪಟ್ಟು ಅಥವಾ 10 ಅಡಿ, ಯಾವ್ದು ಜಾಸ್ತಿಯೋ ಅದು. ಟೆಕ್ಸಾಸ್‌ನಲ್ಲಿ 2022ರ ಜನವರಿಯಿಂದ ಐದು ಪಟ್ಟು ಅಥವಾ 10 ಅಡಿ. ಅದನ್ನ ಹಾಗೇ ಇಳಿಸ್ಬೇಡಿ, 30-40 ಸೈಟಲ್ಲಿ ಮನೆ ಕಟ್ಟಿ ಉಳಿದ ಸಂದೀಲಿ ಹತ್ತಡಿ ಚೈನು ಬಿಟ್ರೆ ನಾಯಿ ಗೇಟಾಚೆ ರಸ್ತೇಲಿರತ್ತೆ, ಪೇಪರ್ ಹಾಕೋ ಹುಡುಗನ ಮೀನಖಂಡ ಅದರ ಬಾಯಲ್ಲಿರತ್ತೆ. ನಾನು ಬರೆದಿದ್ದು ಹೀಗೆ: "ಕಟ್ಟುವ ಸಾಧನವು ನಾಯಿಯ ದೇಹದ ಉದ್ದದ ಮೂರು ಪಟ್ಟಿಗಿಂತ ಕಡಿಮೆ ಇರತಕ್ಕದ್ದಲ್ಲ. ಅಷ್ಟು ಸ್ಥಳಾವಕಾಶವಿಲ್ಲದ ಕಡೆ ನಾಯಿಯನ್ನು ಕಟ್ಟಿ ಸಾಕತಕ್ಕದ್ದಲ್ಲ." ಅಂದ್ರೆ ಜಾಗ ಇಲ್ಲಾ ಅಂದ್ರೆ ಮನೆಯೊಳಗೆ ಸಾಕಿ ಅಂತ. ಜೊತೆಗೆ ದನ ಕಟ್ಟೋ ಸರಪಳಿ, ತಂತಿ, ಜಾರುಗಂಟು ಮೂರೂ ನಿಷೇಧ ಅಂತ ಹೆಸರು ಹಿಡಿದೇ ಬರೀರಿ, "ಭಾರವಾದ" ಅಂತ ಬರೀಬೇಡಿ.

ಹೊತ್ತು. ಪೆನ್ಸಿಲ್ವೇನಿಯಾದಲ್ಲಿ 24 ಗಂಟೇಲಿ 9 ಗಂಟೆ ಮಿತಿ. ಕೇಳೋಕೆ ಚೆನ್ನಾಗಿದೆ, ಆದ್ರೆ ನಮ್ಮ ಇನ್ಸ್‌ಪೆಕ್ಟರ್ ಒಂಬತ್ತು ಗಂಟೆ ಕೂತು ಎಣಿಸ್ತಾರಾ. ಅದರ ಬದಲು ಗಡಿಯಾರದ ಹೊತ್ತು ಬರೀರಿ: ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಬಯಲಲ್ಲಿ, ತಾರಸೀಲಿ ಕಟ್ಟತಕ್ಕದ್ದಲ್ಲ. ಒಂದು ಗಂಟೆಗೆ ಹೋಗಿ ನೋಡಿದ್ರೆ ಮುಗೀತು. ಪೆನ್ಸಿಲ್ವೇನಿಯಾದಲ್ಲಿ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಅರ್ಧ ಗಂಟೆಗಿಂತ ಜಾಸ್ತಿ ಕಟ್ಟೋ ಹಾಗಿಲ್ಲ, ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಅದು 32 ಡಿಗ್ರಿ, ರಾಯಚೂರು ಕಲಬುರಗಿಯಲ್ಲಿ ಆ ರೂಲು ಹಾಕಿದ್ರೆ ಬೇಸಿಗೆ ಪೂರ್ತಿ ಎಲ್ಲರೂ ತಪ್ಪಿತಸ್ಥರೇ. ಸಭೇಲಿ "ನಾಯಿಗೆ ಟೈಂಟೇಬಲ್ಲಾ" ಅಂತ ನಕ್ಕರೆ, ಆ ಕಡೆ ಏಪ್ರಿಲ್ ಮೇನಲ್ಲಿ ಸರ್ಕಾರಿ ಆಫೀಸೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗತ್ತಲ್ಲ ಸಾರ್ ಅಂತ ನೆನಪು ಮಾಡಿ.

ಆಸರೆ. ಇಲ್ಲಿ ಒಂದೇ ಅಳತೆ ಇಡೀ ರಾಜ್ಯಕ್ಕೆ ಹೊಂದಲ್ಲ. ಬಯಲುಸೀಮೇಲಿ ಶತ್ರು ತಗಡು, ಬರೀ ಜಿಂಕ್ ಶೀಟಿನ ಗೂಡು ಮಧ್ಯಾಹ್ನ ಒಲೆ ಆಗತ್ತೆ, ಮೇಲೆ ಸೋಗೆ ಇಲ್ಲಾ ಹುಲ್ಲು ಹೊದೆಸ್ಬೇಕು ಅಂತ ಹಾಕಿ. ಮಲೆನಾಡು ಕರಾವಳೀಲಿ ಶತ್ರು ನೀರು, ಜೂನ್‌ನಿಂದ ಮೂರು ತಿಂಗಳು ಇರಚಲು ಹೊಡೆಯೋ ಕಡೆ ಗೋಡೆ ಇಲ್ದಿದ್ರೆ ಮಾಡು ಇದ್ದೂ ಇಲ್ಲದ ಹಾಗೆ. ಕಡಿಮೆ ಅಂದ್ರೆ ಮಾಡು, ಮೂರು ಕಡೆ ಗೋಡೆ, ನೆಲದಿಂದ ಅರ್ಧ ಅಡಿ ಎತ್ತರದ ಒಣ ತಳ, ನಾಯಿ ಎದ್ದು ನಿಂತು ತಿರುಗಿ ಕಾಲು ಚಾಚಿ ಮಲಗೋವಷ್ಟು ಜಾಗ. ನೀರಿಗೆ "ಉರುಳದ ಪಾತ್ರೆ" ಅಂತ ಬರೀರಿ, ಸ್ಟೀಲ್ ಬಟ್ಟಲು ಚೈನಿಗೆ ಸಿಕ್ಕಿ ಹತ್ತು ನಿಮಿಷಕ್ಕೆ ಬಿದ್ದಿರತ್ತೆ. ಕೊಟ್ಟಿಗೆಯ ಹಳೇ ಕಲ್ಲುಬಾನಿ ಇದ್ರೆ ಅದಕ್ಕಿಂತ ಒಳ್ಳೇದಿಲ್ಲ. ಇನ್ನೊಂದು ಸ್ಥಳೀಯ ವಿಷ್ಯ: ಚಿರತೆ ಓಡಾಡೋ ಊರಾದ್ರೆ ರಾತ್ರಿ ಹೊರಗೆ ಕಟ್ಟೋದನ್ನ ಪ್ರತ್ಯೇಕ ಸಾಲಲ್ಲಿ ನಿಷೇಧಿಸಿ. ಬಿಟ್ಟ ನಾಯಿ ಓಡಿ ಬರತ್ತೆ, ಕಟ್ಟಿದ ನಾಯಿಗೆ ಮುಳ್ಳುಪಟ್ಟಿ ಹಾಕಿದ್ರೂ ಓಡೋ ದಾರೀನೇ ಇಲ್ಲ.

ಯಜಮಾನ ಯಾರು. ಗೋಡೌನು, ಕಟ್ಟಡ ಕೆಲಸದ ಸೈಟು, ತೋಟದ ಮನೆ, ಎಲ್ಲಾ ಕಡೆ ಒಂದೇ ಉತ್ತರ, "ನಮ್ದಲ್ಲ ಮೇಡಂ, ವಾಚ್‌ಮನ್ನಂದು". ವಾಚ್‌ಮನ್ ಕೇಳಿದ್ರೆ ಓನರ್‌ದು. ಅದಕ್ಕೆ "ನಾಯಿಯನ್ನು ಕಟ್ಟಿರುವ ಸ್ಥಳದ ಸ್ವಾಧೀನದಾರನನ್ನೂ ಯಜಮಾನನೆಂದು ಭಾವಿಸತಕ್ಕದ್ದು" ಅನ್ನೋ ಸಾಲು ಇರ್ಲೇಬೇಕು. ಇದೊಂದು ಸಾಲು ಬಿಟ್ಟು ನಮ್ಮ ಎರಡನೇ ಪ್ರಯತ್ನ ಹಾಳಾಯ್ತು.

ನೋಟಿಸು. ಚೈನು, ಗೂಡು ಸರಿ ಮಾಡ್ಕೊಳ್ಳೋಕೆ ಏಳು ದಿನ ಕೊಡಿ. ನೀರು, ನೆರಳು, ಗಾಯಕ್ಕೆ ಗಡುವು ಕೊಡ್ಬೇಡಿ. ಟೆಕ್ಸಾಸ್‌ನ ಹಳೇ ಕಾನೂನಲ್ಲಿ ಎಚ್ಚರಿಕೆ ಕೊಟ್ಟು 24 ಗಂಟೆ ಕಾಯ್ಬೇಕು ಅಂತಿತ್ತು, ಹೊಸದ್ರಲ್ಲಿ ಅದನ್ನ ಕಿತ್ತು ಹಾಕಿದ್ರು. ಬಿಸಿಲಲ್ಲಿ ನೀರಿಲ್ಲದ ನಾಯಿಗೆ ನಾಳೆ ಅನ್ನೋದು ಇರಲ್ಲ.

ಇದರಲ್ಲಿ ಸೇರಿಸಬಾರದ್ದು ಎರಡು. ಒಂದು, ಮನೆಗೆ ಇಷ್ಟೇ ನಾಯಿ ಅನ್ನೋ ಮಿತಿ. 2018ರಲ್ಲಿ ಬಿಬಿಎಂಪಿ ಫ್ಲ್ಯಾಟಿಗೆ ಒಂದೇ ನಾಯಿ ಅಂತ ಲೈಸೆನ್ಸ್ ಬೈಲಾ ತಂದು ಎಲ್ಲಾ ಕಡೆಯಿಂದ ವಿರೋಧ ಬಂದು ತಡೆ ಹಿಡೀಬೇಕಾಯ್ತು. ಎರಡು, ಬೀದಿನಾಯಿ. ಅದಕ್ಕೆ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳು ಬೇರೆ ಇವೆ, ಅದೂ ಅಲ್ದೆ 2025ರ ಆಗಸ್ಟಲ್ಲಿ ಸುಪ್ರೀಂ ಕೋರ್ಟು ದೆಹಲಿ ಬೀದಿನಾಯಿಗಳ ಆದೇಶ ಕೊಟ್ಟು ಆಮೇಲೆ ತಿದ್ದಿದ ಮೇಲೆ ಆ ಪದ ಎತ್ತಿದ್ರೆ ಸಾಕು ಸಭೆ ಎರಡು ಪಕ್ಷ ಆಗತ್ತೆ. ಸಾಕಿದ ನಾಯಿ, ಕಟ್ಟಿದ ನಾಯಿ, ಅಷ್ಟೇ.

ಹಂತ 6: ಸಭೆಯ ಅಜೆಂಡಾಕ್ಕೆ ತರೋದು

ಕರಡು, ಹತ್ತು ನಾಯಿ ಅಳತೆ, ಡಾಕ್ಟ್ರ ಒಂದು ಪುಟದ ಅಭಿಪ್ರಾಯ, ಮೂರೂ ಪಿನ್ ಹೊಡೆದು ಮುಖ್ಯಾಧಿಕಾರಿ ಹೆಸರಿಗೆ ಟಪಾಲಲ್ಲಿ ಕೊಟ್ಟು ಸೀಲು, ಇನ್ವರ್ಡ್ ನಂಬರ್ ಹಾಕಿಸ್ಕೊಳ್ಳಿ. ನಂಬರ್ ಇಲ್ದೆ ಕೈಗೆ ಕೊಟ್ಟ ಕಾಗದ ಕೊಟ್ಟ ಹಾಗಲ್ಲ. ಆಮೇಲೆ ಹೆಲ್ತ್ ಸೆಕ್ಷನ್ ಕಚೇರಿ ಟಿಪ್ಪಣಿ ಬರೆದ್ರಾ ಅಂತ ವಾರಕ್ಕೊಮ್ಮೆ ಕೇಳಿ, ಟಿಪ್ಪಣಿ ಇಲ್ದೆ ವಿಷಯ ಸಭೆಗೆ ಬರಲ್ಲ.

ಅಪಾಯದ ಗುರುತು: ನಿಮ್ಮ ವಿಷಯ ಅಜೆಂಡಾದಲ್ಲಿ ನಂಬರ್ ಹಾಕ್ಕೊಂಡು ಬರದೆ ಕೊನೇ ಸಾಲಿನ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಒಳಗೆ ಸೇರಿದ್ರೆ ಅಷ್ಟರಲ್ಲಿ ಊಟ ಬಂದಿರತ್ತೆ. ಮುಂದಿನ ಸಭೆಗೆ ಹಾಕ್ಸಿ, ಅವತ್ತೇ ಹಠ ಮಾಡ್ಬೇಡಿ. ಇನ್ನೊಂದು, "ಮನುಷ್ಯರಿಗೇ ನೀರಿಲ್ಲ, ನಾಯಿಗೆ ಬೈಲಾನಾ" ಅಂತ ಒಬ್ರು ಹೇಳೇ ಹೇಳ್ತಾರೆ. ಅದಕ್ಕೆ ಪ್ರಾಣಿದಯೆ ಭಾಷಣ ಬೇಡ. ನಿಮ್ಮ ಕೌನ್ಸಿಲರ್ ಲೈಸೆನ್ಸ್ ಫೀಸಿನ ಆದಾಯ, ರೇಬಿಸ್ ಲಸಿಕೆ ದಾಖಲೆ, ರಾತ್ರಿಯಿಡೀ ಬೊಗಳೋ ಕಂಪ್ಲೇಂಟ್, ಈ ಮೂರು ಹೇಳಿದ್ರೆ ಸಾಕು. ಕಟ್ಟಿಟ್ಟ ನಾಯಿ ರೇಗಿ ರೇಗಿ ಕಚ್ಚೋ ನಾಯಿ ಆಗತ್ತೆ ಅನ್ನೋದು ಎಲ್ಲ ವಾರ್ಡಿನವರಿಗೂ ಗೊತ್ತಿರೋದೇ.

ಚುನಾವಣೆ ಆಗ್ದೆ ಆಡಳಿತಾಧಿಕಾರಿ ಇದ್ರೆ ಕೆಲಸ ಬೇಗ ಆಗ್ಬಹುದು, ಆದ್ರೂ ನಾಳೆ ಬರೋ ಕೌನ್ಸಿಲ್ ಅದನ್ನ ತಮ್ಮದು ಅಂತ ಅಂದ್ಕೊಳ್ಳಲ್ಲ. ನನ್ನ ಕೇಳಿದ್ರೆ ಸ್ವಲ್ಪ ತಡ ಆದ್ರೂ ಕೌನ್ಸಿಲ್‌ನಲ್ಲೇ ಆಗ್ಲಿ.

ಹಂತ 7: ಠರಾವಿನಿಂದ ಗೆಜೆಟ್‌ವರೆಗೆ

ಠರಾವು ಪಾಸಾದ ದಿನ ಸ್ವೀಟು ಹಂಚ್ಬೇಡಿ, ಫೈಲುಗಳು ಸಾಯೋದು ಇಲ್ಲಿಂದ ಮುಂದೇನೇ. ನಡಾವಳಿ ದೃಢೀಕೃತ ಪ್ರತಿ ತಗೊಳ್ಳಿ, ಅದರಲ್ಲಿ ನಿಮ್ಮ ಕರಡಿನ ಸಾಲುಗಳು ಹಾಗೇ ಇವೆಯಾ ಅಂತ ನೋಡಿ, ಟೈಪ್ ಮಾಡುವಾಗ "ಮೂರು ಪಟ್ಟು" ಹೋಗಿ "ಸಾಕಷ್ಟು ಉದ್ದ" ಆಗಿರತ್ತೆ. ಕರಡು ಪ್ರಕಟ ಆದ್ಮೇಲೆ ಆಕ್ಷೇಪಣೆಗೆ ಕೊಟ್ಟ ಗಡುವಿನೊಳಗೆ ನಿಮ್ಮ ಕಡೆಯವರೂ ಬೆಂಬಲದ ಪತ್ರ ಹಾಕ್ಬೇಕು, ಸುಮ್ನಿದ್ರೆ ದಾಖಲೇಲಿ ವಿರೋಧದ ಪತ್ರಗಳೇ ಉಳ್ಯತ್ತೆ. ಆಮೇಲೆ ಫೈಲು ಸಾಮಾನ್ಯವಾಗಿ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶ, ಪೌರಾಡಳಿತ ನಿರ್ದೇಶನಾಲಯ ಅಂತ ಮೇಲೆ ಹೋಗತ್ತೆ. ಪ್ರತಿ ಕಡೆ ಹೊರಟ ಪತ್ರದ ನಂಬರ್ ಬರ್ಕೊಳ್ಳಿ. ರಾಜ್ಯಪತ್ರದಲ್ಲಿ ಬರೋವರೆಗೂ ಬೈಲಾ ಇಲ್ಲ ಅಂತಲೇ ಲೆಕ್ಕ.

ಹಂತ 8: ಮೊದಲ ತಿಂಗಳು

ಮೊದಲ ವಾರವೇ ದಂಡ ಹಾಕ್ಸೋಕೆ ಹೋಗ್ಬೇಡಿ. ಅಳೆದ ಹತ್ತು ಮನೆಗೂ ಮತ್ತೆ ಹೋಗಿ, "ಅಣ್ಣ, ಹೊಸ ರೂಲು ಬಂದಿದೆ, ಚೈನು ಬದಲಾಯಿಸ್ಬೇಕಾಗತ್ತೆ" ಅಂತ ಹೇಳಿ, ಅರ್ಧ ಜನ ಅಲ್ಲೇ ಸರಿ ಮಾಡ್ಕೊತಾರೆ, ಅವರಿಗೆ ತಪ್ಪು ಅಂತಲೇ ಗೊತ್ತಿರಲ್ಲ. ಜಾಗ ಇರೋರಿಗೆ ಓಡುತಂತಿ ತೋರ್ಸಿ: ಎರಡು ಕಂಬದ ಮಧ್ಯೆ ಬಿಗಿಯಾದ ತಂತಿ, ಅದರಲ್ಲಿ ಜಾರೋ ಬಳೆ, ಬಳೆಗೆ ಹಗ್ಗ, ಹಗ್ಗದ ತುದೀಲಿ ತಿರುಗು ಕೊಂಡಿ. ಎರಡೂ ಕಡೆ ಒಂದು ಮಾರು ಮುಂಚೆ ತಂತಿಗೆ ಗಂಟು ಹಾಕ್ಲೇಬೇಕು, ಇಲ್ದಿದ್ರೆ ನಾಯಿ ಕಂಬ ಸುತ್ತಿ ಉಸಿರು ಕಟ್ಟತ್ತೆ. ಗೋಡೆ ಪಕ್ಕ ಓಡುತಂತಿ ಹಾಕ್ಬೇಡಿ, ಹಾರಿ ಆಚೆ ನೇತಾಡಿದ ನಾಯೀನ ನಾನೇ ಇಳಿಸಿದೀನಿ.

ವಶಕ್ಕೆ ತಗೊಂಡ ನಾಯಿ ಎಲ್ಲಿಡೋದು ಅಂತ ಮೊದಲೇ ಒಂದು ಜಾಗ ಗೊತ್ತು ಮಾಡಿರಿ, ಆಮೇಲೆ ಹುಡುಕೋಕೆ ಹೋದ್ರೆ ಆ ನಾಯಿ ನಿಮ್ಮ ಮನೆಗೇ ಬರೋದು. ಪೊಲೀಸ್ ಕೇಸಾದ ನಾಯಿಗಳಿಗೆ 2017ರ ನಿಯಮಗಳಿವೆ, ಕೇಸು ನಡೆಯೋ ಅಷ್ಟೂ ದಿನ ಎಸ್‌ಪಿಸಿಎ (ಪ್ರಾಣಿಹಿಂಸೆ ತಡೆ ಸಂಘ), ಪ್ರಾಣಿದಯಾ ಸಂಸ್ಥೆ ಥರದ ಕಡೆ ಇಟ್ಟು ಖರ್ಚನ್ನ ಯಜಮಾನನ ತಲೆಗೆ ಹಾಕೋದಕ್ಕೆ ಅದ್ರಲ್ಲಿ ದಾರಿ ಇದೆ.

ಕೊನೇದು ಚಿಕ್ಕ ಕೆಲಸ, ಆದ್ರೆ ಬಿಡ್ಬೇಡಿ. ಗೆಜೆಟ್ ಪ್ರತಿ ಐದಾರು ಜೆರಾಕ್ಸ್ ಮಾಡ್ಸಿ, ಅಳತೆ ಇರೋ ಸಾಲುಗಳಿಗೆ ಹಳದಿ ಪೆನ್ನಲ್ಲಿ ಗೆರೆ ಎಳೆದು ಒಂದು ಸ್ಟೇಷನ್‌ಗೆ, ಒಂದು ಪಶು ಆಸ್ಪತ್ರೆಗೆ ಕೊಟ್ಟು, ಇನ್ನೊಂದನ್ನ ಹೆಲ್ತ್ ಇನ್ಸ್‌ಪೆಕ್ಟರ್ ಟೇಬಲ್ಲಿನ ಗಾಜಿನ ಕೆಳಗೆ ಇಡ್ಸಿ. ಅವರಿಗೆ ಟ್ರಾನ್ಸ್‌ಫರ್ ಆಗಿ ಹೊಸಬ್ರು ಬಂದ ದಿನ ನೀವೂ ಹೋಗಿ, ಅದು ಇನ್ನೂ ಗಾಜಿನ ಕೆಳಗೇ ಇದೆಯಾ ನೋಡಿ.